ಗುಳ್ಳಿ ಎಲ್ಲೈತಿ, ತಂಗಿ?

ಕೆಲಸಕ್ಕೆ ಸೇರಿದ ಮೂರನೆಯ ದಿನ ಅವರು ತಮ್ಮ ಚಹಾದ ಫ್ಲಾಸ್ಕನ್ನು ನನ್ನ ಮೇಜಿನ ಮೇಲಿಟ್ಟು ಒಂದು ಪ್ರಶ್ನೆ ಕೇಳಿದರು.

"ಇದರಾಗ ಚಹಾ ಬದ್ಲಿ ಒಂದು ಸಣ್ಣ ಬಲ್ಬ್ ಹಚ್ಚಿಟ್ಟು ಮುಚ್ಚಳ ಹಾಕೀನಿ ಅಂತ ತಿಳಕೋ. ಬಲ್ಬ್ ಆರಂಗಿಲ್ಲ. ಸಂಜೀಕ ಏನಾಗ್ತೈತಿ?"

"ಒಳಗ ಬಿಸಿ ಆಗ್ತೈತ್ರಿ."

"ನಾಳಿಗೆ?"

"ಇನ್ನೂ ಬಿಸಿ."

"ನಾಡಿದ್ದು?"

"ನಾಡಿದ್ದು ಬಲ್ಬೇ ಇರಂಗಿಲ್ರಿ, ಸುಟ್ಟು ಹೋಗಿರ್ತೈತಿ."

"ಹಾಂ," ಎಂದು ಅವರು ಫ್ಲಾಸ್ಕಿನಿಂದ ನನಗೂ ಅರ್ಧ ಕಪ್ ಬಗ್ಗಿಸಿದರು. "ಉಪಗ್ರಹದ ಪಾಡು ಇಷ್ಟ. ಮಂದಿ ಮ್ಯಾಲೆ ಭಾಳ ಥಂಡಿ ಐತಿ ಅಂತಾರ. ಥಂಡಿ ಇದ್ರ ಏನಾತು? ಬಂದು ಮುಟ್ಟಾಕ ಗಾಳೀನ ಇಲ್ಲಲ್ಲ."

ನಾನು ಶಾಖದ ವಿಷಯದಲ್ಲೇ ಎಂ.ಟೆಕ್ ಮಾಡಿ ಬಂದವಳು. ಸೂತ್ರಗಳೆಲ್ಲ ಬಾಯಿಪಾಠ. ಆದರೂ ಅಂತರಿಕ್ಷವೆಂದರೆ ಚಳಿ, ಅಲ್ಲಿಗೆ ಕಳಿಸಿದ್ದೆಲ್ಲ ತಾನೇ ತಣ್ಣಗಾಗುತ್ತದೆ ಎಂಬ ನಂಬಿಕೆ ತಲೆಯ ಯಾವುದೋ ಮೂಲೆಯಲ್ಲಿ ಚಿಕ್ಕಂದಿನಿಂದ ಕೂತುಬಿಟ್ಟಿತ್ತು. ಅದನ್ನು ಎಬ್ಬಿಸಿ ಓಡಿಸಿದ್ದು ಆ ಫ್ಲಾಸ್ಕ್. ಹೋದ ತಿಂಗಳು ಅವರು ಉಪ್ಪಲ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಸುದ್ದಿ ಕೇಳಿದಾಗ ಮೊದಲು ನೆನಪಾದದ್ದೂ ಅದೇ, ಬುಡ ಜಜ್ಜಿದ ಆ ಹಸಿರು ಫ್ಲಾಸ್ಕ್. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಎತ್ತಿದರೆ ಸಂಕೋಚದಿಂದ ಮುದುಡಿಕೊಳ್ಳುತ್ತಿದ್ದ ಜೀವ ಅದು. ಕಾರ್ಖಾನೆಯಲ್ಲಿ ತೆಲುಗರು, ಉರ್ದು ಮಾತಿನವರು, ಒಡಿಶಾದ ವೆಲ್ಡರುಗಳು ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ನಮ್ಮದು ಶಂಶಾಬಾದ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಕಾರ್ಖಾನೆ. ಉಪಗ್ರಹದೊಳಗಿನ ಪೆಟ್ಟಿಗೆಗಳು ಕೆಲಸ ಮಾಡುವಾಗ ಹುಟ್ಟುವ, ಯಾರಿಗೂ ಬೇಡವಾದ ಶಾಖವನ್ನು ಹೊರಗೆ ಹಾಕುವ ಹಲಗೆಗಳನ್ನು ಮಾಡುತ್ತೇವೆ. ಹಲಗೆ ಎಂದರೆ ಬಾಗಿಲಷ್ಟು ಅಗಲದ ಅಲ್ಯೂಮಿನಿಯಂ ತಟ್ಟೆ. ಒಂದು ಮೈಗೆ ಕನ್ನಡಿ ಬಿಲ್ಲೆಗಳನ್ನು ಅಂಟಿಸಿರುತ್ತೇವೆ. ಆ ಮೈ ಕತ್ತಲಿನ ಕಡೆ ಮುಖ ಮಾಡಿ ಶಾಖವನ್ನು ಕಿರಣವಾಗಿ ಚೆಲ್ಲುತ್ತದೆ. ಗಾಳಿಯಿಲ್ಲದ ಕಡೆ ಇರುವುದು ಇದೊಂದೇ ದಾರಿ. ಒಳಗಿನ ಪೆಟ್ಟಿಗೆಯಿಂದ ಹಲಗೆಯ ಉದ್ದಕ್ಕೂ ಶಾಖವನ್ನು ಹೊತ್ತು ತರಲು ಕೊಳವೆಗಳಿರುತ್ತವೆ.

ಕಾಕಾ ಮುದ್ದೇಬಿಹಾಳದ ಕಡೆಯವರು. ಹೈದರಾಬಾದಿನ ಒಂದು ಸರಕಾರಿ ರಕ್ಷಣಾ ಘಟಕದಲ್ಲಿ ಇಡೀ ಆಯುಷ್ಯ ಫಿಟ್ಟರ್ ಆಗಿ ದುಡಿದು, ನಿವೃತ್ತಿಯ ನಂತರ ನಮ್ಮಲ್ಲಿ ಪರೀಕ್ಷೆಯ ವಿಭಾಗಕ್ಕೆ ಬಂದಿದ್ದರು. ಓದಿದ್ದು ಐ.ಟಿ.ಐ. ನಮ್ಮಪ್ಪ ರಾಯಚೂರಿನವರು, ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯ ಹೊಸ್ತಿಲು ದಾಟಿದರೆ ತೆಲುಗು ಅಥವಾ ಹಿಂದಿ. ಮೊದಲ ದಿನ ನಾನು ಫೋನಿನಲ್ಲಿ "ಹೂಂ ಅವ್ವಾ, ಉಂಡೀನಿ" ಎಂದದ್ದು ಅವರ ಕಿವಿಗೆ ಬಿತ್ತು. ಹಿಂದಿನಿಂದ "ಯಾವೂರವ್ವಾ ನಿಮ್ಮದು?" ಎಂಬ ಪ್ರಶ್ನೆ ಬಂತು. ತಿರುಗಿ ನೋಡಿದರೆ ಅವರು ನನ್ನ ಮುಖ ಬಿಟ್ಟು ಕಿವಿಯ ಕಡೆ ನೋಡುತ್ತ ನಿಂತಿದ್ದರು. ಹೆಣ್ಣುಮಕ್ಕಳ ಮುಖ ನೋಡದ ಹಳೆಯ ಕಾಲದ ಮನುಷ್ಯ ಎಂದುಕೊಂಡೆ. ಆಮೇಲೆ ನೋಡಿದರೆ ಗಂಡಸರ ಕಿವಿಯನ್ನೂ ಹಾಗೇ ನೋಡುತ್ತಿದ್ದರು. ದಿನ ಕಳೆದಂತೆ ಆ ಅಭ್ಯಾಸ ಜಾಸ್ತಿಯೇ ಆಯಿತು. ಕಾಕಾನಿಗೆ ದಿಮಾಕು ಎಂದು ವೆಲ್ಡರುಗಳು ನಗುತ್ತಿದ್ದರು.

ಯಾವುದನ್ನಾದರೂ ಮುಟ್ಟುವಾಗ ಕೈಯ ಹಿಂಭಾಗದಿಂದ ಮುಟ್ಟುತ್ತಿದ್ದರು. ಗೋಡೆ, ಬಸ್ಸಿನ ಕಂಬಿ, ನನ್ನ ಊಟದ ಡಬ್ಬಿ. "ಅಂಗೈ ಸುಳ್ಳ ಹೇಳ್ತೈತಿ, ಹಿಂಗೈ ಖರೇ ಹೇಳ್ತೈತಿ" ಎನ್ನುತ್ತಿದ್ದರು. ಬಿಸಿಲುಗಾಲದಲ್ಲಿ ಮಧ್ಯಾಹ್ನ ಊಟವಾದ ಮೇಲೆ ಕಾರ್ಖಾನೆಯ ಸುತ್ತ ಒಂದು ಸುತ್ತು ಹಾಕಿ, ಯಾವ ಗೋಡೆ ಎಷ್ಟು ಕಾದಿದೆ ಎಂದು ಕೈಹಿಂಭಾಗ ಇಟ್ಟು ನೋಡಿ ಬರುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ, ಸುಮ್ಮನೆ ಕುತೂಹಲ. ಒಮ್ಮೆ ಬಂದು, ಹೊಸದಾಗಿ ಸುಣ್ಣ ಬಳಿದ ಪಶ್ಚಿಮದ ಗೋಡೆ ಪೂರ್ವದ ಹಳೇ ಗೋಡೆಗಿಂತ ತಣ್ಣಗಿದೆ ಎಂದು ವರದಿ ಒಪ್ಪಿಸಿದರು. ನಾನು ನಂಬದೆ ಥರ್ಮಾಮೀಟರ್ ಹಿಡಿದು ಹೋದೆ. ಅವರು ಹೇಳಿದ್ದೇ ಸರಿ.

ಚಳಿಗಾಲದ ಒಂದು ಬೆಳಿಗ್ಗೆ ಕಂಪನಿಯ ವ್ಯಾನಿಗಾಗಿ ಉಪ್ಪಲ್‌ನಲ್ಲಿ ನಿಂತಿದ್ದೆವು. ನಾನೂ ಆಗ ಆ ಕಡೆಯೇ ಇದ್ದೆ. ರಸ್ತೆಬದಿ ಎರಡು ಸ್ಕೂಟರುಗಳಿದ್ದವು, ಒಂದು ಬೇವಿನ ಮರದ ಕೆಳಗೆ, ಇನ್ನೊಂದು ಬಯಲಿನಲ್ಲಿ. ಕಾಕಾ ನನ್ನನ್ನು ಕರೆದು ಎರಡರ ಸೀಟನ್ನೂ ಮುಟ್ಟಿಸಿದರು. ಬಯಲಿನದ್ದು ಇಬ್ಬನಿಯಿಂದ ತೊಯ್ದು ತೊಪ್ಪೆಯಾಗಿತ್ತು. ಮರದ ಕೆಳಗಿನದು ಒಣಗಿತ್ತು.

"ಮರ ಇಬ್ಬನಿ ತಡದೈತಿ ಅಂತೀ ಏನು?"

"ಹೌದಲ್ರಿ."

"ಇಬ್ಬನಿ ಮ್ಯಾಲಿಂದ ಬೀಳಂಗಿಲ್ಲವ್ವಾ. ಈ ಗಾಡಿ ರಾತ್ರೆಲ್ಲ ಆಕಾಶ ನೋಡೈತಿ. ಆ ಗಾಡಿ ಮರ ನೋಡೈತಿ. ಆಕಾಶ ನೋಡಿದ್ದು ತನ್ನ ಶಾಖ ಎಲ್ಲಾ ಮ್ಯಾಲೆ ಚೆಲ್ಲಿ ಗಾಳಿಗಿಂತ ಥಂಡಿ ಆಗೈತಿ, ಅದಕ್ಕ ನೀರು ಹಿಡದೈತಿ. ಮರ ನೋಡಿದ್ದಕ್ಕ ಮರ ತನ್ನ ಶಾಖ ತಿರುಗಿ ಕೊಟ್ಟೈತಿ."

ಸ್ಕೂಟರಿನ ಯಜಮಾನ ಬಂದು ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದ. ಕಾಕಾ ತಮ್ಮ ಕರವಸ್ತ್ರದಿಂದ ಅವನ ಸೀಟು ಒರೆಸಿಕೊಟ್ಟರು. ನಮ್ಮ ಹಲಗೆಗಳು ಮೇಲೆ ಹೋಗಿ ಮಾಡುವ ಕೆಲಸವನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ, ಬೆರಳಿಗೆ ತಾಗಿದ್ದು ಅದೇ ಮೊದಲು. ಈಗಲೂ ಚಳಿಗಾಲದಲ್ಲಿ ಬೇರೆಯವರ ಗಾಡಿಗಳ ಸೀಟು ಮುಟ್ಟಿ ನೋಡುವ ಚಾಳಿ ನನಗಿದೆ. ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಒಮ್ಮೆ ಇದನ್ನು ವಿಚಾರಿಸಿದ್ದೂ ಉಂಟು.

ಅವರಿಗೆ ಒಂದು ವಿಷಯದಲ್ಲಿ ಮಾತ್ರ ಹಟ. ಅದು ರಸಮಟ್ಟ. ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ, ಅದು ನಡುವೆ ನಿಂತರೆ ಮೇಜು ಸಮ. ಗಾರೆ ಕೆಲಸದವರ ಕೈಯಲ್ಲಿ ಎಲ್ಲರೂ ನೋಡಿರುವ ಸಾಧನ. ಕಾಕಾನದು ಅದಕ್ಕಿಂತ ಬಹಳ ಸೂಕ್ಷ್ಮದ್ದು, ಕೆಳಗೆ ಒಂದು ಕಾಗದ ತೂರಿಸಿದರೂ ಗುಳ್ಳೆ ಓಡುತ್ತಿತ್ತು. ಉಪಗ್ರಹದ ಹಲಗೆಗೆ ಇದ್ಯಾಕೆ ಎಂದು ಯಾರಿಗಾದರೂ ಅನ್ನಿಸಬಹುದು. ನಮ್ಮ ಕೊಳವೆಯೊಳಗೆ ಅಮೋನಿಯ ಇರುತ್ತದೆ. ಬಿಸಿ ತುದಿಯಲ್ಲಿ ಅದು ಕುದಿದು ಆವಿಯಾಗಿ ತಣ್ಣನೆಯ ತುದಿಗೆ ಓಡಿ, ಶಾಖವನ್ನು ಅಲ್ಲಿ ಬಿಟ್ಟು ಮತ್ತೆ ದ್ರವವಾಗುತ್ತದೆ. ವಾಪಸು ಬರುವುದು ಕೊಳವೆಯ ಒಳಮೈಯಲ್ಲಿರುವ ಕೂದಲೆಳೆಯಂಥ ತೋಡುಗಳಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಹರಿದುಬರುವ ಹಾಗೆ. ನೆಲದ ಮೇಲೆ ಪರೀಕ್ಷೆ ಮಾಡುವಾಗ ಬಿಸಿ ತುದಿ ಒಂದು ನಾಣ್ಯದ ದಪ್ಪ ತಗ್ಗಿದ್ದರೂ ಸಾಕು, ದ್ರವ ತಾನೇ ಇಳಿದು ಬರುತ್ತದೆ. ಕೆಟ್ಟ ಕೊಳವೆಯೂ ಸೊಗಸಾಗಿ ಕೆಲಸ ಮಾಡುತ್ತದೆ. ಮೇಲೆ ಹೋದ ಮೇಲೆ ಇಳಿಜಾರು ಎಂಬುದೇ ಇಲ್ಲ; ಆಗ ಕೊಳವೆ ಸುಮ್ಮನೆ ಕೂರುತ್ತದೆ, ಪೆಟ್ಟಿಗೆ ಬೇಯುತ್ತದೆ. ಹೋಗಿ ರಿಪೇರಿ ಮಾಡುವಂತಿಲ್ಲ.

"ಭೂಮಿತಾಯಿ ಭಾಳ ಛಲೋಕಿ," ಎನ್ನುತ್ತಿದ್ದರು ಕಾಕಾ. "ಕೇಳಲಾರದ ಸಹಾಯ ಮಾಡ್ತಾಳ. ಅದ ತ್ರಾಸ ನಮಗ."

ಈ ಸಹಾಯವನ್ನು ತಡೆಯಲು ಅವರದೊಂದು ಪದ್ಧತಿ ಇತ್ತು. ಪರೀಕ್ಷೆಯ ಕೋಣೆ ಎಂದರೆ ಮಲಗಿಸಿದ ದೊಡ್ಡ ಉಕ್ಕಿನ ಪೀಪಾಯಿ. ಒಳಗೆ ಚೌಕಟ್ಟಿನ ಮೇಲೆ ಹಲಗೆ ಮಲಗಿಸಿ, ಬಾಗಿಲು ಹಾಕಿ, ಗಾಳಿ ಹೀರಿ, ಗೋಡೆಗಳನ್ನು ದ್ರವ ಸಾರಜನಕದಿಂದ ತಣಿಸುತ್ತೇವೆ. ಬಾಗಿಲು ಹಾಕುವ ಮೊದಲು ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನೋಡಿ, ನಮೂನೆಯಲ್ಲಿ "ಮಟ್ಟ ನೋಡಿದವರು" ಎಂಬಲ್ಲಿ ಕಾಕಾ ಸಹಿ ಹಾಕಬೇಕು. ನಾನು ಸೇರಿದ ಹೊಸದರಲ್ಲಿ ಅವರೇ ನೋಡುತ್ತಿದ್ದರು. ಒಂದು ದಿನ ಪಕ್ಕಕ್ಕೆ ಸರಿದು, "ಗುಳ್ಳಿ ಎಲ್ಲೈತಿ, ತಂಗಿ?" ಎಂದು ಕೇಳಿದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಕಾಕಾ ನನಗೆ ಕೆಲಸ ಕಲಿಸುತ್ತಿದ್ದಾರೆ, ನನ್ನ ಉತ್ತರವನ್ನು ತಮ್ಮ ಕಣ್ಣಿನ ಜೊತೆ ಹೋಲಿಸಿ ನೋಡುತ್ತಿದ್ದಾರೆ ಎಂದು ನನ್ನ ಲೆಕ್ಕ. ಅಲ್ಲಿಂದ ಮುಂದೆ ಪ್ರತಿ ಪರೀಕ್ಷೆಗೂ ಅದೇ ಪ್ರಶ್ನೆ. ನಾನು ಮಂಡಿಯೂರಿ ಪೀಪಾಯಿಯೊಳಗೆ ಅರ್ಧ ಮೈ ತೂರಿಸಿ ಬಗ್ಗುತ್ತಿದ್ದೆ. ಕೊರಳಲ್ಲಿ ನೇತಾಡುವ ಗುರುತಿನ ಕಾರ್ಡು ಬಾಗಿಲಿನ ಅಂಚಿಗೆ ಬಡಿದು ಟಕ್ ಎನ್ನುತ್ತಿತ್ತು. "ನಡುವ ಐತ್ರಿ" ಎನ್ನುತ್ತಿದ್ದೆ. ಅವರು ಎಡಗೈ ಬೆರಳನ್ನು ನಮೂನೆಯ ಮೇಲಿಟ್ಟು, ಅದರ ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಒಂದೂವರೆ ವರ್ಷ ಹೀಗೆ ನಡೆಯಿತು.

ಆಗ ನಮಗೆ ದೊಡ್ಡದೊಂದು ಕೆಲಸ ಬಂತು. ಅಲ್ಲಿಯವರೆಗೆ ಬಿಡಿ ಕೊಳವೆ, ಸಣ್ಣ ತುಂಡುಗಳನ್ನು ಮಾಡುತ್ತಿದ್ದವರಿಗೆ ಪೂರ್ತಿ ಹಲಗೆಯ ಮೊದಲ ಕೆಲಸ. ನಾಲ್ಕು ಕೊಳವೆಯ ಹಲಗೆ, ಉಪಗ್ರಹದ ರೇಡಿಯೊ ಪೆಟ್ಟಿಗೆಯನ್ನು ತಂಪಾಗಿಡಲು. ಇದು ಗೆದ್ದರೆ ಕಂಪನಿ ಉಳಿಯುತ್ತದೆ ಎಂದು ನಮ್ಮ ಯಜಮಾನರು ಎಲ್ಲರೆದುರು ಹೇಳಿದ್ದರು. ಅವರನ್ನು ನಾವು ಸರ್ ಎನ್ನುತ್ತೇವೆ. ತೆಲುಗಿನವರು, ಒಳ್ಳೆಯವರು, ಆದರೆ ಸದಾ ಅವಸರ. ಪರೀಕ್ಷೆ ಶುರುವಾಗುವ ದಿನ ಗ್ರಾಹಕರ ಕಡೆಯಿಂದ ಏಳೆಂಟು ಜನ ಬಂದರು. ಎಲ್ಲ ಗಂಡಸರು, ಒಬ್ಬರ ಕೈಯಲ್ಲಿ ದೊಡ್ಡ ಕ್ಯಾಮೆರಾ. ಬಿಳಿ ಕೋಟು ತೊಟ್ಟು ನಮ್ಮ ಬೆನ್ನ ಹಿಂದೆ ಸಾಲಾಗಿ ನಿಂತರು.

ಕಾಕಾ ರಸಮಟ್ಟ ಇಟ್ಟು ಪಕ್ಕಕ್ಕೆ ಸರಿದು ಕೇಳಿದರು, "ಗುಳ್ಳಿ ಎಲ್ಲೈತಿ, ತಂಗಿ?"

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಅಷ್ಟು ಜನ ಗಂಡಸರಿಗೆ ಬೆನ್ನು ಮಾಡಿ, ಪೀಪಾಯಿಯೊಳಗೆ ತಲೆ ತೂರಿಸಿ, ಹಿಂಭಾಗ ಮೇಲೆತ್ತಿಕೊಂಡು ಫೋಟೊದಲ್ಲಿ ಬೀಳಲು ನನಗೆ ಮನಸ್ಸಾಗಲಿಲ್ಲ. ಹೇಗೂ ಕಾಕಾ ನೋಡಿದ್ದಾರೆ, ಕೇಳುವುದು ನನ್ನನ್ನು ಪರೀಕ್ಷಿಸಲು ತಾನೆ? ನಿಂತಲ್ಲೇ ಸ್ವಲ್ಪ ಕತ್ತು ಚಾಚಿದ ಹಾಗೆ ಮಾಡಿ, "ನಡುವ ಐತ್ರಿ" ಎಂದೆ.

ಅವರ ಪೆನ್ನು ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ನನ್ನ ಕಿವಿಯ ಕಡೆ ನೋಡಿದರು. "ಕಾಕಾ, ಜಲ್ದೀ" ಎಂದರು ಸರ್. ಸಹಿ ಬಿತ್ತು, ಕ್ಯಾಮೆರಾ ಮಿಂಚಿತು, ಬಾಗಿಲು ಮುಚ್ಚಿತು.

ಪರೀಕ್ಷೆ ಐದು ದಿನ ನಡೆಯಿತು. ಫಲಿತಾಂಶ ನಮ್ಮ ಲೆಕ್ಕಾಚಾರಕ್ಕಿಂತ ಚೆನ್ನಾಗಿ ಬಂತು. ಹಲಗೆಯ ಈ ತುದಿಗೂ ಆ ತುದಿಗೂ ಉಷ್ಣತೆಯಲ್ಲಿ ವ್ಯತ್ಯಾಸವೇ ಇಲ್ಲವೆನ್ನಬಹುದಿತ್ತು. ಸರ್ ಮಿಠಾಯಿ ತರಿಸಿದರು. ಎಲ್ಲರೂ ತಿಂದರು. ಕಾಕಾ ಮಾತ್ರ ತಮ್ಮ ಪಾಲಿನ ಬರ್ಫಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಪರದೆಯ ಮೇಲಿನ ಅಂಕಿಗಳನ್ನು ನನ್ನಿಂದ ಎರಡೆರಡು ಸಲ ಓದಿಸಿದರು.

"ಇಷ್ಟು ಛಲೋ ಬರಬಾರದಾಗಿತ್ತಲ್ಲ," ಎಂದರು.

"ಛಲೋ ಬಂದ್ರ ಯಾಕ ಚಿಂತಿ ಮಾಡ್ತೀರಿ ಕಾಕಾ?"

ಮರುದಿನ ಬೆಳಿಗ್ಗೆ ಪೀಪಾಯಿ ತೆರೆದಾಗ ಕಾಕಾ, ಯಾರೂ ಒಳಗಿನದನ್ನು ಮುಟ್ಟಬಾರದೆಂದು ಅಡ್ಡ ನಿಂತರು. ಜೇಬಿನಿಂದ ಬೇರಿಂಗಿನ ಒಂದು ಉಕ್ಕಿನ ಗುಂಡು ತೆಗೆದು, ಚೌಕಟ್ಟಿನ ಅಂಚಿನಲ್ಲಿ ಉದ್ದಕ್ಕೂ ಇದ್ದ ತೋಡಿನ ನಡುವೆ ಇಟ್ಟು ಕೈಬಿಟ್ಟರು. ಕಣ್ಣು ಮುಚ್ಚಿಕೊಂಡರು. ಗುಂಡು ಮೊದಲು ಅಲುಗಾಡಲಿಲ್ಲ. ಆಮೇಲೆ ನಿಧಾನವಾಗಿ ಗರಗರ ಸದ್ದು ಮಾಡುತ್ತ ಬಿಸಿ ತುದಿಯ ಕಡೆ ಉರುಳಿ, ಕೊನೆಯ ತಿರುಪಿಗೆ ಬಡಿದು ನಿಂತಿತು. ಬಿಸಿ ತುದಿ ತಗ್ಗಿತ್ತು.

ಸರ್ ಕೋಣೆಯಲ್ಲಿ ಸಭೆ ಸೇರಿತು. ಸರ್, ಗುಣಮಟ್ಟ ವಿಭಾಗದ ಒಬ್ಬರು, ಕಾಕಾ, ನಾನು. ಮರುದಿನ ಹಲಗೆ ಲಾರಿ ಹತ್ತಬೇಕಿತ್ತು.

"ಕಾಕಾ, ನೀವೇ ನೋಡಿ ಸಹಿ ಹಾಕಿದ್ದೀರಿ," ಎಂದರು ಸರ್ ಹಿಂದಿಯಲ್ಲಿ, ನಮೂನೆಯನ್ನು ಮುಂದೆ ತಳ್ಳಿ.

"ನೈ ದೇಖಾ ಸರ್," ಎಂದರು ಕಾಕಾ. "ಡೇಢ್ ಸಾಲ್ ಸೇ ನೈ ದೇಖಾ."

ನೋಡಿಲ್ಲ, ಒಂದೂವರೆ ವರ್ಷದಿಂದ ನೋಡಿಲ್ಲ. ಯಾರಿಗೂ ಅರ್ಥವಾಗಲಿಲ್ಲ. ಕಾಕಾ ಬಹಳ ನಿಧಾನವಾಗಿ, ಬೇರೆ ಯಾರದೋ ವಿಷಯ ಹೇಳುವವರಂತೆ ಹೇಳಿದರು. ಕಣ್ಣಿನ ನಡುವಿನ ಪರದೆ ಸವೆದಿದೆ. ಎದುರಿಗೆ ಇರುವುದರ ಮೇಲೆ ಬೂದು ಬಣ್ಣದ ಮಚ್ಚೆ ಕೂರುತ್ತದೆ, ಸುತ್ತಲಿನದು ಮಾತ್ರ ಕಾಣುತ್ತದೆ. ಕಿವಿಯ ಕಡೆ ನೋಡಿದರೆ ಮುಖ ಒಂದಿಷ್ಟು ಕಾಣುತ್ತದೆ. ಡಾಕ್ಟರು ವಾಪಸು ಬರುವುದಿಲ್ಲ ಎಂದಿದ್ದಾರೆ. ಗುಳ್ಳೆ ಕಾಣುವುದಿಲ್ಲ. ಇಷ್ಟು ದಿನ ಈ ಹುಡುಗಿಯ ಕಣ್ಣಿನಿಂದ ನೋಡಿದ್ದೇನೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಾಕಾನ ಕಡೆ ನೋಡಿದೆ. ಅವರು ಗೋಡೆಯ ಕಡೆ ಮುಖ ಮಾಡಿದ್ದರು.

"ಅವತ್ತು ನೀನು ನೋಡಿದ್ದೆಯಾ?" ಎಂದು ಸರ್ ಕೇಳಿದರು.

"ನೋಡಿದ್ದೆ ಸರ್. ನಡುವೆಯೇ ಇತ್ತು."

ಎರಡು ಪುಟ್ಟ ವಾಕ್ಯ. ಹೇಳುವಾಗ ಧ್ವನಿ ನಡುಗಲಿಲ್ಲ ಎಂಬುದು ನನಗೆ ಇವತ್ತಿಗೂ ಆಶ್ಚರ್ಯ. ಬಾಗಿಲು ಹಾಕುವಾಗ ಸಮವಿದ್ದದ್ದು ತೆಗೆದಾಗ ಓರೆಯಾಗಿದೆ ಎಂದರೆ ನಡುವೆ ಏನಾಯಿತು? ಗುಣಮಟ್ಟದವರು ಯೋಚಿಸಿ ಒಂದು ಕಾರಣ ಹುಡುಕಿದರು: ಗೋಡೆಗಳು ತಣಿಯುವಾಗ ಚೌಕಟ್ಟಿನ ಒಂದು ಕಾಲು ಕುಗ್ಗಿ ಸರಿದಿರಬೇಕು. ಕಾರಣ ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನಾನೇ ಅರ್ಧ ನಂಬಿದೆ. ಪರೀಕ್ಷಾಕ್ರಮದ ಕಾಗದದಲ್ಲಿ ಏಳನೆಯ ಸಾಲು ಹೊಸದಾಗಿ ಸೇರಿತು. ಇನ್ನು ಮುಂದೆ ಕಾಲುಗಳಿಗೆ ಹೊದಿಕೆ ಸುತ್ತಬೇಕು, ಗೋಡೆ ತಣಿದ ಮೇಲೆ ಕಾಲುಗಳು ನೆಲೆಗೊಳ್ಳಲು ಅರ್ಧ ದಿನ ಕಾಯಬೇಕು.

ಲಾರಿಯನ್ನು ನಿಲ್ಲಿಸಲು ಸರ್ ಮೊದಲು ಒಪ್ಪಲಿಲ್ಲ. ಕಾಕಾ ನಮೂನೆಯ ಮೇಲೆ ಬೆರಳಿಟ್ಟು ತಡಕಿ ತಮ್ಮ ಸಹಿಯನ್ನು ಹೊಡೆದುಹಾಕಿದರು. ಸಹಿಯಿಲ್ಲದ ಹಲಗೆಯನ್ನು ಕಳಿಸುವ ಹಾಗಿರಲಿಲ್ಲ. ಪರೀಕ್ಷೆ ಮತ್ತೆ ನಡೆಯಿತು, ಈ ಸಲ ನಾನು ಹತ್ತು ಸಲ ಬಗ್ಗಿದೆ. ಎರಡನೆಯ ದಿನವೇ ಗೊತ್ತಾಯಿತು. ಮೂರನೆಯ ಕೊಳವೆ ಸತ್ತಂತೆ ಮಲಗಿತ್ತು. ಬೆಸುಗೆಯಲ್ಲಿ ಕಾಣದಷ್ಟು ಸಣ್ಣ ಸೋರಿಕೆಯಾಗಿ ಅಮೋನಿಯ ಅರ್ಧಕ್ಕೆ ಇಳಿದಿತ್ತು. ಹಲಗೆ ಹಾಗೇ ಹೋಗಿದ್ದರೆ ರೇಡಿಯೊ ಪೆಟ್ಟಿಗೆ ಕೆಲವೇ ವಾರಗಳಲ್ಲಿ ಬೆಂದು ಹೋಗುತ್ತಿತ್ತು. ಕೊಳವೆ ಬದಲಾಯಿಸಿ ತಡವಾಗಿ ಕಳಿಸಿದೆವು. ಗ್ರಾಹಕರು ಬೈದರು, ಆಮೇಲೆ ಇನ್ನೆರಡು ಕೆಲಸ ಕೊಟ್ಟರು.

ಕಾಕಾನ ಕೆಲಸ ಆ ತಿಂಗಳೇ ಮುಗಿಯಿತು. ಗುಳ್ಳೆ ಕಾಣದವರನ್ನು ಮಟ್ಟ ನೋಡಲು ಇಟ್ಟುಕೊಳ್ಳಲಾಗದು, ಯಾರದೂ ತಪ್ಪಿಲ್ಲ. ಶಾಲು, ಹಣ್ಣು, ಗ್ರೂಪ್ ಫೋಟೊ ಎಲ್ಲ ಆಯಿತು. ರಸಮಟ್ಟವನ್ನು ಮರದ ಪೆಟ್ಟಿಗೆಗೆ ಹಾಕಿ ನನ್ನ ಕೈಗಿತ್ತರು. ಅವರ ಜಾಗದಲ್ಲಿ ಸಹಿ ಹಾಕುವವಳು ನಾನಾದೆ. ಆ ಬಡ್ತಿಯ ಸಿಹಿಯನ್ನು ಅವ್ವ ಇಡೀ ಓಣಿಗೆ ಹಂಚಿದಳು.

ಆರು ತಿಂಗಳು ನಾನು ಅವರ ಮನೆಯ ಕಡೆ ಹೋಗಲಿಲ್ಲ. ಉಪಗ್ರಹ ಮೇಲೆ ಹೋಗಿ, ಪೆಟ್ಟಿಗೆ ತಂಪಾಗಿದೆ ಎಂಬ ಸುದ್ದಿ ಬಂದ ಮೇಲೆ ನೆಪ ಸಿಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಹೋದೆ. ಮೆಟ್ರೊ ಡಿಪೋ ಹತ್ತಿರ ಮೂರನೆಯ ಮಹಡಿ. ಕಾಕಾ ಬಾಲ್ಕನಿಯಲ್ಲಿ ಕೂತು, ಹೋಗುವ ರೈಲಿನ ಸದ್ದು ಕೇಳಿ "ಇದು ಖಾಲಿ", "ಇದು ತುಂಬೈತಿ" ಎಂದು ಹೆಂಡತಿಗೆ ಹೇಳುತ್ತಿದ್ದರು. ಆ ಅಮ್ಮ ಒಗ್ಗರಣೆ ಅವಲಕ್ಕಿ ತಂದಿಟ್ಟು ಒಳಗೆ ಹೋದರು. ಸುದ್ದಿ ಹೇಳಿದೆ. ಅವರು ಎಷ್ಟು ಡಿಗ್ರಿ ಎಂದು ಕೇಳಿದರು. ಹೇಳಿದೆ. ತಲೆದೂಗಿದರು. ಆಮೇಲೆ ಅವಲಕ್ಕಿಯ ತಟ್ಟೆ ಕೆಳಗಿಟ್ಟು ನಾನು ಹೇಳಿಬಿಟ್ಟೆ.

"ಕಾಕಾ, ಅವತ್ತ ನಾ ಬಗ್ಗಿ ನೋಡಿದ್ದಿಲ್ರಿ."

"ಗೊತ್ತೈತಿ."

"ಹೆಂಗ್ರಿ?"

"ನಿನ್ನ ಕಾರ್ಡ್ ಸಪ್ಪಳ ಆಗ್ಲಿಲ್ಲಲ್ಲ. ನೀ ಬಗ್ಗಿದಾಗೆಲ್ಲ ಬಾಗಲದ ಅಂಚಿಗೆ ಟಕ್ ಅಂತಿತ್ತು. ಒಂದೂವರಿ ವರ್ಷ ಆ ಟಕ್ ಕೇಳೇ ಸಹಿ ಮಾಡೀನಿ. ಅವತ್ತು ಆಗ್ಲಿಲ್ಲ."

ನನಗೆ ಅಳು ಬಂತು, ಅದರ ಜೊತೆ ಸಿಟ್ಟೂ ಬಂತು. "ಮತ್ತ್ಯಾಕ ಸಹಿ ಮಾಡಿದ್ರಿ? ಇನ್ನೊಮ್ಮೆ ನೋಡು ಅನ್ನಬೇಕಿತ್ತಲ್ರಿ."

ಒಂದು ರೈಲು ಹೋಯಿತು. ಅದು ಖಾಲಿಯೋ ತುಂಬಿತ್ತೋ ಅವರು ಹೇಳಲಿಲ್ಲ.

"ಇನ್ನೊಮ್ಮೆ ನೋಡು ಅಂದಿದ್ರ, ನೀವ ನೋಡ್ರಲಾ ಕಾಕಾ ಅಂತ ಯಾರರೆ ಅಂದಿದ್ರ? ಅಷ್ಟು ಮಂದಿ ನಿಂತಿದ್ರು. ನೀ ಫೋಟೊಕ್ಕ ನಾಚಿದಿ. ನಾನೂ ಫೋಟೊಕ್ಕ ನಾಚಿದೆ. ಐದು ದಿನ ನಿದ್ದಿ ಹತ್ತಲಿಲ್ಲ ನನಗ."

"ಮೀಟಿಂಗಿನಾಗ ಯಾಕ ನನ್ನ ಹೆಸರು ಹೇಳಲಿಲ್ರಿ?"

"ನಂದು ನಾ ಹೇಳಿದೆ. ನಿಂದು ನಾ ಹೇಳಿದ್ರ ಚಾಡಿ ಆಗ್ತೈತಿ." ತಟ್ಟೆಯಲ್ಲಿ ಉಳಿದ ಶೇಂಗಾಗಳನ್ನು ಬೆರಳಿನಿಂದ ತಡಕಿ ಒಂದೊಂದೇ ಬಾಯಿಗೆ ಹಾಕಿಕೊಂಡರು. "ಆ ಏಳನೇ ಸಾಲು ಇನ್ನೂ ಐತೇನು?"

"ಐತ್ರಿ."

"ಹೂಂ," ಎಂದರು. ಮತ್ತೆಂದೂ ಅದರ ಮಾತೆತ್ತಲಿಲ್ಲ.

ಎತ್ತಿದ್ದರೆ ಒಳ್ಳೆಯದಿತ್ತು. ಆರು ವರ್ಷ ಆ ಸಾಲು ಹಾಗೇ ಉಳಿಯಿತು. ಅಳಿಸಬೇಕೆಂದರೆ ಕಾರಣ ಬರೆಯಬೇಕು. ಮೊದಲ ವರ್ಷ ಕೆಲಸ ಹೋದೀತೆಂಬ ಹೆದರಿಕೆ. ಆಮೇಲೆ ನನ್ನ ಕೈಕೆಳಗೆ ಹುಡುಗ ಹುಡುಗಿಯರು ಬಂದರು, ಅವರೆದುರು ಮುಖ ಹೋದೀತೆಂಬ ಹೆದರಿಕೆ. ಪ್ರತಿ ಪರೀಕ್ಷೆಯಲ್ಲೂ ಚೌಕಟ್ಟಿನ ಕಾಲುಗಳಿಗೆ ಹೊದಿಕೆ ಸುತ್ತಿದೆವು. ಎಂದೂ ಸರಿಯದ ಕಾಲುಗಳು ನೆಲೆಗೊಳ್ಳಲೆಂದು ಅರ್ಧರ್ಧ ದಿನ ಸಾರಜನಕ ಸುರಿಯುತ್ತ ಕಾದೆವು. ತಿಂಗಳಿಗೊಮ್ಮೆ ಕಾಕಾನಿಗೆ ಫೋನ್ ಮಾಡುತ್ತಿದ್ದೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ನಮ್ಮ ಡಬ್ಬಿ ಎಷ್ಟೈತಿ?" ರೇಡಿಯೊ ಪೆಟ್ಟಿಗೆಯ ಉಷ್ಣತೆ ಹೇಳುತ್ತಿದ್ದೆ. "ಬರೋಬ್ಬರಿ" ಎನ್ನುತ್ತಿದ್ದರು.

ಹೋದ ತಿಂಗಳು ಅವರ ಮನೆಗೆ ಹೋದಾಗ ಆ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು, "ನಿನ್ನ ಫೋನ್ ಬಂದ ದಿನ ಒಂದು ರೊಟ್ಟಿ ಹೆಚ್ಚಿಗಿ ಉಣ್ಣತಿದ್ರವ್ವಾ. ಏನಂದಾಳ ಅಂತ ಕೇಳಿದ್ರ, ಇನ್ನೂ ಹೇಳಿಲ್ಲ ಅಂತಿದ್ರು. ಏನು ಹೇಳೋದಿತ್ತು ನೀನು?" ಏಳನೆಯ ಸಾಲಿನ ವಿಷಯ ಎನ್ನಲಾಗದೆ ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಮೆಟ್ಟಿಲು ಇಳಿಯುವಾಗ ಎರಡನೆಯ ಮಹಡಿಯಲ್ಲಿ ಕೂತುಬಿಟ್ಟೆ.

ಮರುವಾರ ಒಂದು ಹೊಸ ಹಲಗೆಯ ಪರೀಕ್ಷೆ ಇತ್ತು. ಹೊಸದಾಗಿ ಸೇರಿದ ತೆಲುಗು ಹುಡುಗಿಯೊಬ್ಬಳು ಚೌಕಟ್ಟಿನ ಕಾಲುಗಳಿಗೆ ಬಹಳ ಶ್ರದ್ಧೆಯಿಂದ ಹೊದಿಕೆ ಸುತ್ತುತ್ತಿದ್ದಳು. ಯಾಕಮ್ಮಾ ಸುತ್ತುತ್ತೀ ಎಂದು ಕೇಳಿದೆ. "ಚಳಿಗೆ ಕಾಲು ಸರಿಯುತ್ತೆ ಮೇಡಂ, ಹಿಂದೆ ಒಂದು ಸಲ ಸರಿದಿತ್ತಂತೆ," ಎಂದಳು. ಅದು ಅವಳಿಗೆ ಪಾಠವಾಗಿತ್ತು. ಮುಂದೆ ಅವಳು ಇನ್ನೊಬ್ಬರಿಗೆ ಕಲಿಸುತ್ತಾಳೆ.

ಬಿಚ್ಚು ಎಂದೆ. ಮೇಜಿಗೆ ಬಂದು ಕ್ರಮ ಬದಲಾವಣೆಯ ನಮೂನೆ ತೆಗೆದೆ. ಏಳನೆಯ ಸಾಲು ರದ್ದು ಎಂದು ಬರೆದು, ಕಾರಣದ ಜಾಗದಲ್ಲಿ "ಅವತ್ತು ನಾನು ಗುಳ್ಳೆ ನೋಡಿರಲಿಲ್ಲ. ಕಾಲು ಸರಿದಿರಲಿಲ್ಲ" ಎಂದು ಎರಡು ವಾಕ್ಯ ಬರೆದು, ಸಹಿ ಮಾಡಿ ಸರ್ ಕೋಣೆಗೆ ಹೋದೆ. ಸರ್ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಅವಸರದ ಮನುಷ್ಯ, ಒಂದೇ ಕಾಗದವನ್ನು ಎರಡು ಸಲ ಓದಿದ್ದನ್ನು ನಾನು ನೋಡಿರಲಿಲ್ಲ.

"ಕಾಕಾನಿಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು ಸರ್."

"ಅವರಿಗೆ ಕಣ್ಣು ಕಾಣುತ್ತಿರಲಿಲ್ಲವಲ್ಲ."

"ಕಿವಿ ಕೇಳುತ್ತಿತ್ತು ಸರ್."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ನಮೂನೆಯನ್ನು ತಮ್ಮ ಕಡೆ ಎಳೆದುಕೊಂಡು, ಇದರ ಬಗ್ಗೆ ನಾಳೆ ಮಾತಾಡೋಣ, ಪರೀಕ್ಷೆ ನಿಲ್ಲಿಸಬೇಡಿ ಎಂದರು. ನಾಳೆ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ವಾಪಸು ಬಂದು ರಸಮಟ್ಟವನ್ನು ಚೌಕಟ್ಟಿನ ಮೇಲಿಟ್ಟೆ. ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ನಾನು ಮಂಡಿಯೂರಿ ಪೀಪಾಯಿಯೊಳಗೆ ಬಗ್ಗಿದೆ. ಕಾರ್ಡು ಉಕ್ಕಿನ ಅಂಚಿಗೆ ಬಡಿಯಿತು. ಆ ಟಕ್ ಎಂಬ ಸದ್ದಿಗೆ ಕಣ್ಣು ತುಂಬಿ ಬಂದು, ಸ್ವಲ್ಪ ಹೊತ್ತು ನನಗೂ ಗುಳ್ಳೆ ಕಾಣಲಿಲ್ಲ.